ವಚನದ ಅವಮೌದರ್ಯ

ನಾಲಗೆಗೆ ಎರಡು ಕೆಲಸಗಳಿವೆ. ರಸವನ್ನು ಅರಿಯುವುದು ಒಂದು, ಮಾತನಾಡುವುದು ಇನ್ನೊಂದು. ಮೊದಲನೆಯ ಕೆಲಸವನ್ನು ನಿಯಂತ್ರಿಸಲು ನಮ್ಮ ಶ್ರಾವಕ-ಶ್ರಾವಿಕೆಯರು ಕೈಗೊಳ್ಳುವ ವ್ರತನಿಯಮಗಳು ಅನೇಕ. ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸ ಅಥವಾ ಏಕಾಶನ, ರಸತ್ಯಾಗ, ರಾತ್ರಿಭೋಜನತ್ಯಾಗ ಇವೆಲ್ಲವೂ ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಪರಿಚಿತವಾದವು. ಎರಡನೆಯ ಕೆಲಸದ ವಿಷಯದಲ್ಲಿ ಅಷ್ಟು ಎಚ್ಚರ ಕಂಡುಬರುವುದಿಲ್ಲ. ಉಪವಾಸದ ದಿನ ಅಡಿಗೆಮನೆಯ ಒಲೆ ಆರಿರುತ್ತದೆ. ಜಗಲಿಯ ಮೇಲಿನ ಮಾತು ಮಾತ್ರ ಉಳಿದ ದಿನಗಳಿಗಿಂತ ಹೆಚ್ಚಾಗಿರುತ್ತದೆ. ಕೆಲವೊಮ್ಮೆ ಆ ಮಾತು ಮರುದಿನದ ಪಾರಣೆಗೆ ಏನೇನು ಮಾಡಬೇಕೆಂಬುದರ ಸುತ್ತಲೇ ತಿರುಗುತ್ತಿರುತ್ತದೆ. ಹೊಟ್ಟೆ ಬರಿದಾಗಿದ್ದರೂ ನಾಲಗೆ ಊಟ ಮಾಡುತ್ತಲೇ ಇರುತ್ತದೆ. ಆದುದರಿಂದ ಮಾತಿನ ಅತಿಯನ್ನು ವ್ರತದ ದೃಷ್ಟಿಯಿಂದ ವಿಚಾರಮಾಡುವುದು ಈ ಪಾಠದ ಉದ್ದೇಶ.

ಶಾಸ್ತ್ರದಲ್ಲಿ ಇದರ ಸ್ಥಾನ

ಅತಿಯಾದ ಮಾತನ್ನು ನಮ್ಮ ಆಚಾರ್ಯರು ಕೇವಲ ಶಿಷ್ಟಾಚಾರದ ಕೊರತೆಯೆಂದು ಬಿಟ್ಟಿಲ್ಲ. ವ್ರತದ ದೋಷವೆಂದು ಎಣಿಸಿದ್ದಾರೆ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ಮನೋವಚನಕಾಯಗಳ ವ್ಯಾಪಾರವೇ ಅನರ್ಥದಂಡ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ವ್ರತಕ್ಕೆ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಎರಡೂ ಪಟ್ಟಿಗಳಲ್ಲಿ ‘ಮೌಖರ್ಯ’ ಎಂಬುದು ಬರುತ್ತದೆ. ಹೊಣೆಯರಿಯದೆ, ಅರ್ಥವಿಲ್ಲದೆ, ಏನಾದರೊಂದನ್ನು ಬಹಳವಾಗಿ ಹಲುಬುವುದು ಮೌಖರ್ಯವೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೌಖರ್ಯದಲ್ಲಿ ಆಡಿದ ಮಾತು ಸುಳ್ಳಾಗಿರಲೇಬೇಕೆಂದಿಲ್ಲ. ಸುಳ್ಳಿನ ವಿಚಾರವು ಸತ್ಯಾಣುವ್ರತಕ್ಕೆ ಸೇರಿದುದು. ಮಾತು ನಿಜವಾಗಿದ್ದು, ಬೈಗುಳವಲ್ಲದಿದ್ದು, ಆದರೂ ಬೇಡದಿದ್ದರೆ ಅದು ಅನರ್ಥದಂಡದ ಕಡೆಗೆ ಬಾಗುತ್ತದೆ. ಇನ್ನು ಸತ್ಯಾಣುವ್ರತದ ಅತಿಚಾರಗಳನ್ನೇ ನೋಡಿದರೂ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದ ಎಂಬ ಎರಡು ದೋಷಗಳು ಇತರರ ಗುಟ್ಟನ್ನು ಹೊರಗೆಡಹುವುದಕ್ಕೆ ಸಂಬಂಧಿಸಿದವು. ಅಲ್ಲಿಯೂ ಹೇಳಿದ ಸಂಗತಿ ನಿಜವೇ ಆಗಿರಬಹುದು, ಹೇಳಬಾರದಾಗಿತ್ತು, ಅಷ್ಟೆ. ಪೂಜೆ ಮುಗಿದ ಮೇಲೆ ಬಸದಿಯ ಅಂಗಳದಲ್ಲಿ ನಿಂತು ಯಾರೋ ಸೇರಿಸಿದ ಎರಡು ಹೆಚ್ಚಿನ ಮಾತಿನಿಂದ ನಿಶ್ಚಯವಾಗುತ್ತಿದ್ದ ಮದುವೆ ಮುರಿದುಹೋಗುವುದುಂಟು, ಅಣ್ಣತಮ್ಮಂದಿರ ಪಾಲುಪಟ್ಟಿ ನ್ಯಾಯಾಲಯದ ಮೆಟ್ಟಿಲು ಏರುವುದುಂಟು. ಮಾತು ಬಹಳವಾದಾಗ ಅದರಲ್ಲಿ ಯಾವುದು ಹೊರಬಿದ್ದಿತೆಂಬುದು ಆಡಿದವರಿಗೇ ನೆನಪಿರುವುದಿಲ್ಲ.

ವಿಕಥೆಗಳನ್ನು ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆ ಎಂದು ನಾಲ್ಕಾಗಿ ವಿಂಗಡಿಸಿರುವುದೂ ಇದೇ ಕಾರಣದಿಂದ. ಉಪವಾಸದ ದಿನದ ಪಾರಣೆಯ ಮಾತು ಇವುಗಳಲ್ಲಿ ಯಾವುದೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಶಂಕೆ

ಹಾಗಾದರೆ ಹೆಚ್ಚು ಮಾತೆಲ್ಲವೂ ದೋಷವೇ? ತತ್ತ್ವಾರ್ಥಸೂತ್ರವು ನಮ್ಮ ಪಾಠದಲ್ಲಿ ಹತ್ತು ಅಧ್ಯಾಯಗಳ, 357 ಸೂತ್ರಗಳ ಚಿಕ್ಕ ಗ್ರಂಥ. ಅದರ ಮೇಲೆ ಪೂಜ್ಯಪಾದರ ಸರ್ವಾರ್ಥಸಿದ್ಧಿ, ಅಕಲಂಕದೇವರ ರಾಜವಾರ್ತಿಕ, ವಿದ್ಯಾನಂದರ ಶ್ಲೋಕವಾರ್ತಿಕ ಎಂಬ ದೊಡ್ಡ ವ್ಯಾಖ್ಯಾನಗಳಿವೆ. ಮೂಡುಬಿದಿರೆಯಲ್ಲಿ ತಾಳೆಯೋಲೆಗಳಲ್ಲಿ ಉಳಿದುಬಂದ ಧವಲಾ ಟೀಕೆಯಂತೂ ಅಚ್ಚಿನಲ್ಲಿ 16 ಸಂಪುಟಗಳಾಗಿದೆ. ಆ ಆಚಾರ್ಯರು ಮಿತಭಾಷಿಗಳಲ್ಲವೆ?

ಈ ಶಂಕೆಗೆ ಪೂಜ್ಯಪಾದರಲ್ಲಿಯೇ ಸಮಾಧಾನವಿದೆ. ದಶಧರ್ಮಗಳಲ್ಲಿ ಉತ್ತಮ ಸತ್ಯವನ್ನು ವಿವರಿಸುವಾಗ ಅವರು ತಾವೇ ಪ್ರಶ್ನೆಯನ್ನೆತ್ತುತ್ತಾರೆ: ಭಾಷಾಸಮಿತಿಯನ್ನು ಹೇಳಿಯಾದ ಮೇಲೆ ಸತ್ಯವನ್ನು ಮತ್ತೆ ಬೇರೆಯಾಗಿ ಏಕೆ ಹೇಳಬೇಕು? ಅವರ ಉತ್ತರದ ಸಾರ ಹೀಗಿದೆ. ಮುನಿಯು ಸಜ್ಜನರು ದುರ್ಜನರು ಎಲ್ಲರೊಡನೆಯೂ ವ್ಯವಹರಿಸುವಾಗ ಹಿತವಾಗಿ, ಮಿತವಾಗಿ ಮಾತನಾಡಬೇಕು. ಇಲ್ಲದಿದ್ದರೆ ರಾಗದ ಕಾರಣ ಅನರ್ಥದಂಡದ ದೋಷ ಬರುತ್ತದೆ. ಇದು ಸಮಿತಿ. ಆದರೆ ಸಾಧುಜನರಿಗೂ ಧರ್ಮದಲ್ಲಿ ಭಕ್ತಿಯುಳ್ಳವರಿಗೂ ಜ್ಞಾನಚಾರಿತ್ರಗಳನ್ನು ಕಲಿಸುವಾಗ ಬಹಳವಾಗಿಯೂ ಮಾತನಾಡಬಹುದು. ಅದು ಧರ್ಮವನ್ನು ಬೆಳೆಸುವುದಕ್ಕಾಗಿ. ಇದು ಸತ್ಯಧರ್ಮ.

ಈ ಉತ್ತರದಲ್ಲಿ ‘ರಾಗ’ ಎಂಬ ಪದವೇ ಬೀಗದ ಕೈ. ಮಾತು ಅತಿಯಾಯಿತೋ ಇಲ್ಲವೋ ಎಂಬುದನ್ನು ಪದಗಳ ಸಂಖ್ಯೆಯಿಂದ ಅಳೆಯುವುದಲ್ಲ. ಕೇಳುವವನ ಅಗತ್ಯಕ್ಕಾಗಿ ಆಡಿದ ನೂರು ಮಾತು ಮಿತ. ಆಡುವವನ ಚಪಲಕ್ಕಾಗಿ ಆಡಿದ ಹತ್ತು ಮಾತು ಅಮಿತ.

ಅದೇ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಇದಕ್ಕೆ ಇನ್ನೊಂದು ನಿದರ್ಶನವಿದೆ. ತತ್ತ್ವಗಳನ್ನು ಅರಿಯುವ ಉಪಾಯವನ್ನು ಆರನೆಯ ಸೂತ್ರವು ಪ್ರಮಾಣ ಮತ್ತು ನಯ ಎಂದು ಎರಡೇ ಮಾತಿನಲ್ಲಿ ಹೇಳುತ್ತದೆ. ಏಳನೆಯ ಸೂತ್ರವು ನಿರ್ದೇಶ, ಸ್ವಾಮಿತ್ವ ಮೊದಲಾದ ಆರನ್ನು ಹೇಳುತ್ತದೆ. ಎಂಟನೆಯದು ಸತ್, ಸಂಖ್ಯೆ, ಕ್ಷೇತ್ರ ಮೊದಲಾದ ಎಂಟನ್ನು ಹೇಳುತ್ತದೆ. ನಿರ್ದೇಶದಲ್ಲಿ ಸತ್ ಅಡಗಿದೆ, ವಿಧಾನದಲ್ಲಿ ಸಂಖ್ಯೆ ಅಡಗಿದೆ. ಎಂಟನೆಯ ಸೂತ್ರವು ಪುನರುಕ್ತಿಯಲ್ಲವೆ ಎಂದು ಪೂಜ್ಯಪಾದರೇ ಕೇಳಿ, ಅಡಗಿರುವುದು ನಿಜವೆಂದು ಒಪ್ಪುತ್ತಾರೆ. ಆದರೆ ಶಿಷ್ಯರ ಆಶಯವು ಒಂದೇ ಬಗೆಯಾಗಿರುವುದಿಲ್ಲ: ಕೆಲವರಿಗೆ ಸಂಕ್ಷೇಪದಲ್ಲಿ ರುಚಿ, ಕೆಲವರಿಗೆ ವಿಸ್ತಾರದಲ್ಲಿ ರುಚಿ, ಇನ್ನು ಕೆಲವರಿಗೆ ಇವೆರಡರ ನಡುವಣ ಕ್ರಮದಲ್ಲಿ ಹೇಳಬೇಕಾಗುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತ ಮೂವರಿಗೆ ಅವರವರ ಹಸಿವಿಗೆ ತಕ್ಕಂತೆ ಬಡಿಸಿದ ಹಾಗೆ ಇದು.

ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖದಲ್ಲಿ ಈ ವಿವೇಕವು ತರ್ಕಶಾಸ್ತ್ರಕ್ಕೆ ಅನ್ವಯವಾಗಿದೆ. ನೈಯಾಯಿಕರು ಅನುಮಾನವನ್ನು ಐದು ವಾಕ್ಯಗಳಲ್ಲಿ ಹೇಳುತ್ತಾರೆ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆಯಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ, ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಬಲ್ಲವರೊಡನೆ ವಾದಮಾಡುವಾಗ ಮೊದಲಿನ ಎರಡೇ ಸಾಕು, ಉಳಿದವು ಅನುಪಯುಕ್ತವೆಂಬುದು ಮಾಣಿಕ್ಯನಂದಿಗಳ ಮತ. ಆದರೆ ಇನ್ನೂ ಕಲಿಯುತ್ತಿರುವವರಿಗೆ ತಿಳಿಸಿಕೊಡುವಾಗ ಉಳಿದ ಮೂರನ್ನೂ ಬಳಸಬಹುದೆಂದು ಅವರೇ ಅನುಮತಿಸುತ್ತಾರೆ. ಮಗುವಿಗೆ ಮಗ್ಗಿಯನ್ನು ಹತ್ತು ಸಲ ಹೇಳಿಸುವ ಉಪಾಧ್ಯಾಯನು ವಾಚಾಳಿಯಲ್ಲ. ಮಗ್ಗಿ ಬಲ್ಲ ಹಿರಿಯರ ಸಭೆಯಲ್ಲಿ ಅದನ್ನೇ ಹತ್ತು ಸಲ ಹೇಳಿದರೆ ವಾಚಾಳಿ.

ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರಿಗೆ ಪುನರುಕ್ತಿಯ ಆಕ್ಷೇಪ ಅಲ್ಲಲ್ಲಿ ಎದುರಾಗುತ್ತದೆ. ಮರೆವುಳ್ಳ ಶಿಷ್ಯರಿಗೆ ಅನುಗ್ರಹಮಾಡುವುದಕ್ಕಾಗಿ ಮತ್ತೆ ಹೇಳಲಾಗಿದೆಯೆಂಬ ರೀತಿಯ ಉತ್ತರವನ್ನು ಅವರು ಕೊಡುತ್ತಾರೆ. ಅದೇ ಗ್ರಂಥದ ಆರಂಭದಲ್ಲಿ ಪಂಚನಮಸ್ಕಾರ ಮಂತ್ರದ ವಿವರಣೆಯಿದೆ. ಆ ಮಂತ್ರದಲ್ಲಿ ನಮಸ್ಕಾರವಾಚಕವಾದ ಪದವು ಐದು ಸಲ ಬರುತ್ತದೆ. ಪ್ರತಿಯೊಬ್ಬ ಪರಮೇಷ್ಠಿಗೂ ತಲೆ ಬಾಗಬೇಕಾದುದರಿಂದ ಅಲ್ಲಿ ಉಳಿತಾಯ ಸಲ್ಲದು. ‘ಲೋಕದ’ ಮತ್ತು ‘ಎಲ್ಲ’ ಎಂಬ ಅರ್ಥದ ಪದಗಳಾದರೋ ಕೊನೆಯ ಪಾದದಲ್ಲಿ ಮಾತ್ರ ಬರುತ್ತವೆ. ತುದಿಯಲ್ಲಿಟ್ಟ ದೀಪವು ಹಿಂದಿನದನ್ನೂ ಬೆಳಗುವಂತೆ ಆ ಎರಡು ಪದಗಳು ಐದು ನಮಸ್ಕಾರಗಳಿಗೂ ಸಲ್ಲುತ್ತವೆಯೆಂದು ವೀರಸೇನರು ತಿಳಿಸುತ್ತಾರೆ. ಎಲ್ಲಿ ಮತ್ತೆ ಹೇಳಬೇಕು, ಎಲ್ಲಿ ಒಮ್ಮೆ ಹೇಳಿದರೆ ಸಾಕು ಎಂಬುದಕ್ಕೆ ನಾವು ದಿನವೂ ಜಪಿಸುವ 35 ಅಕ್ಷರಗಳೇ ಪಾಠ.

ನಮ್ಮ ನುಡಿಯಲ್ಲಿ

ಈ ವಿವೇಕವನ್ನು ದಿನಬಳಕೆಯ ಕನ್ನಡಕ್ಕೆ ಅನ್ವಯಿಸಿ ನೋಡೋಣ. ಕನ್ನಡದಲ್ಲಿ ಮಾತನ್ನು ಇಮ್ಮಡಿಸುವುದೆಲ್ಲ ದೋಷವಲ್ಲ. ಮೊತ್ತಮೊದಲು, ಕಟ್ಟಕಡೆ, ನಟ್ಟನಡುವೆ, ಬಟ್ಟಬಯಲು ಎಂಬ ದ್ವಿರುಕ್ತಿಗಳು ಅರ್ಥಕ್ಕೆ ಬಲಕೊಡುತ್ತವೆ. ಮನೆಮಠ, ಹೊಲಗದ್ದೆ, ಮಕ್ಕಳುಮರಿ ಎಂಬ ಜೋಡುನುಡಿಗಳು ಒಂದು ಇಡೀ ಸಂಸಾರವನ್ನೇ ಕಣ್ಣ ಮುಂದೆ ತರುತ್ತವೆ. ಇವುಗಳಲ್ಲಿ ಒಂದನ್ನು ತೆಗೆದರೆ ಅರ್ಥವು ಬಡವಾಗುತ್ತದೆ.

ತೆಗೆದರೂ ಏನೂ ಕಳೆಯದಿರುವುದು ದೋಷ. ‘ನಡುಮಧ್ಯೆ’ ಎಂಬಲ್ಲಿ ನಡುವೂ ಮಧ್ಯವೂ ಒಂದೇ. ‘ಗೇಟುಬಾಗಿಲು’ ಎಂಬಲ್ಲಿ ಒಂದೇ ಬಾಗಿಲು ಎರಡು ಭಾಷೆಗಳಲ್ಲಿ ನಿಂತಿದೆ. ‘ಸಕುಟುಂಬ ಸಮೇತರಾಗಿ’ ಎಂಬಲ್ಲಿ ಮೊದಲಿನ ‘ಸ’ಕಾರವೇ ಕೂಡಿಕೊಂಡು ಎಂಬ ಅರ್ಥವನ್ನು ಕೊಟ್ಟಿರುವುದರಿಂದ ‘ಸಮೇತ’ಕ್ಕೆ ಕೆಲಸವಿಲ್ಲ. ‘ಸವಿನಯಪೂರ್ವಕ’ದಲ್ಲಿ ವಿನಯವನ್ನು ಎರಡು ಸಲ ಕಟ್ಟಲಾಗಿದೆ. ‘ಅತ್ಯಂತ ಶ್ರೇಷ್ಠತಮ’, ‘ಕೇವಲ ಹತ್ತು ಮಂದಿ ಮಾತ್ರ’, ‘ಸುಮಾರು ನೂರರಷ್ಟು’, ‘ಪುನಃ ಮತ್ತೊಮ್ಮೆ’, ‘ಇತ್ಯಾದಿ ಮುಂತಾದ’ ಇವೂ ಹೀಗೆಯೇ. ‘ಸ್ವಾಗತ’ದಲ್ಲಿಯೇ ಸು ಎಂಬುದು ಸೇರಿದ್ದರೂ ನಮ್ಮ ಚಪ್ಪರಗಳ ಮೇಲೆ ‘ಸುಸ್ವಾಗತ’ವೇ ರಾರಾಜಿಸುತ್ತದೆ. ಎರವಲು ತಂದ ಪದದ ಒಳ ಅರ್ಥವು ಮನಸ್ಸಿಗೆ ತಟ್ಟದಿದ್ದಾಗ ಅದರ ಪಕ್ಕದಲ್ಲಿ ಇನ್ನೊಂದನ್ನು ಆಸರೆಯಾಗಿ ನಿಲ್ಲಿಸುವುದರಿಂದ ಇಂತಹ ಪ್ರಯೋಗಗಳು ಹುಟ್ಟುತ್ತವೆ. ಇವುಗಳಲ್ಲಿ ಕೆಲವು ರೂಢಿಯಲ್ಲಿ ಬೇರೂರಿವೆ. ಅವನ್ನು ಆಡಿದವರನ್ನು ತಿದ್ದಲು ಹೋಗುವುದು ಇನ್ನೊಂದು ಮೌಖರ್ಯವಾದೀತು. ತಾನು ಬರೆಯುವಾಗ ಎಚ್ಚರವಾಗಿದ್ದರೆ ಸಾಕು.

ಹಾನಿಯಾಗುವುದು ಎಲ್ಲಿ ಎಂಬುದನ್ನು ವ್ರತೋದ್ಯಾಪನೆಯ ಆಮಂತ್ರಣಗಳಲ್ಲಿ ಕಾಣಬಹುದು. ಮಾದರಿಗಾಗಿ ಒಂದು ವಾಕ್ಯ: “ತಾವುಗಳೆಲ್ಲರೂ ಸಕುಟುಂಬ ಸಪರಿವಾರ ಸಮೇತರಾಗಿ ತಪ್ಪದೆ ಆಗಮಿಸಿ ದಯಮಾಡಿಸಿ ಈ ಪುಣ್ಯಕಾರ್ಯದಲ್ಲಿ ಭಾಗವಹಿಸಿ ಪಾಲ್ಗೊಂಡು ಪುಣ್ಯಭಾಗಿಗಳಾಗಬೇಕಾಗಿ ಸವಿನಯಪೂರ್ವಕವಾಗಿ ವಿನಂತಿಸಿ ಕೋರುತ್ತೇವೆ.” ಇದರಲ್ಲಿ 15 ಪದಗಳಿವೆ. ಅಭಿಷೇಕ ಎಷ್ಟು ಗಂಟೆಗೆ ಎಂಬುದು ಮಾತ್ರ ಇಲ್ಲ. ಪರ ಊರಿನಿಂದ ಬಸ್ಸಿನಲ್ಲಿ ಬರುವ ವೃದ್ಧ ದಂಪತಿಗಳಿಗೆ, ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಾದ ವ್ರತಿಕರಿಗೆ ಬೇಕಾಗಿದ್ದುದು ಅದೊಂದೇ. ಶಾಲೆಯಲ್ಲಿ ಮಕ್ಕಳಿಗೆ ಒಂದು ಗದ್ಯಭಾಗವನ್ನು ಮೂರನೆಯ ಒಂದು ಪಾಲಿಗೆ ಇಳಿಸಿ ಸಾರಾಂಶ ಬರೆಯಲು ಹೇಳುವುದುಂಟು. ಅದರಂತೆ ಇಳಿಸೋಣ: “ಸಕುಟುಂಬ ಬಂದು ಪೂಜೆಯಲ್ಲಿ ಪಾಲ್ಗೊಳ್ಳಬೇಕೆಂದು ವಿನಂತಿ.” ಐದು ಪದಗಳಾದವು. ವಿನಯವು ಕಡಿಮೆಯಾಗಲಿಲ್ಲ. ಉಳಿದ ಜಾಗದಲ್ಲಿ “ಅಭಿಷೇಕ ಬೆಳಿಗ್ಗೆ 8 ಗಂಟೆಗೆ; ಊಟ ಸಂಜೆ 5 ಗಂಟೆಯೊಳಗೆ” ಎಂದು ಬರೆದರೆ ಅತಿಥಿಗೆ ಉಪಕಾರವಾದೀತು. ಅತಿಮಾತಿನ ಮುಖ್ಯ ದೋಷ ಇದು: ಬೇಡದುದು ಎಡೆಯನ್ನೆಲ್ಲ ಆಕ್ರಮಿಸಿ ಬೇಕಾದುದನ್ನು ಹೊರಗೆ ನಿಲ್ಲಿಸುತ್ತದೆ.

ದಾನದ ಫಲಕಗಳನ್ನು ಬರೆಯಿಸುವವರು ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ನೆನೆಯುವುದು ಒಳ್ಳೆಯದು. ಸುಮಾರು 58 ಅಡಿ ಎತ್ತರದ, 981ರ ಸುಮಾರಿನ ಗೊಮ್ಮಟಮೂರ್ತಿಯ ಪಾದಗಳ ಬದಿಯಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿ ಕೆಲವೇ ಪದಗಳ ಬರಹಗಳಿವೆ. ಚಾವುಂಡರಾಯನು ಇದನ್ನು ಮಾಡಿಸಿದನೆಂಬುದು, ಗಂಗರಾಜನು ಸುತ್ತಾಲಯವನ್ನು ಮಾಡಿಸಿದನೆಂಬುದು ಅವುಗಳ ವಿಷಯ. ಚಾವುಂಡರಾಯನಿಗೆ ಮಾತಿಗೆ ಬಡತನವಿರಲಿಲ್ಲ. 978ರಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಗದ್ಯದಲ್ಲಿ ಬರೆದವನು ಅವನೇ. ಪುರಾಣದಲ್ಲಿ ವಿಸ್ತಾರ ಬೇಕಾಗಿತ್ತು, ಸ್ವಾಮಿಯ ಪಾದದಲ್ಲಿ ಬೇಕಾಗಿರಲಿಲ್ಲ. ಅದೇ ಬೆಟ್ಟದಲ್ಲಿ 1180ರ ಸುಮಾರಿನ ಬೊಪ್ಪಣಪಂಡಿತನ ದೀರ್ಘವಾದ ಗೊಮ್ಮಟಸ್ತುತಿಯ ಶಾಸನವೂ ಇದೆ. ಸ್ತುತಿಗೆ ಅದು ಉಚಿತ. ಇಂದು ಒಂದು ಗೋಡೆಗಡಿಯಾರವನ್ನು ಬಸದಿಗೆ ಕೊಟ್ಟು ಅದರ ಮೇಲೆ ದಾನಿಯ ಬಿರುದುಬಾವಲಿಗಳನ್ನೆಲ್ಲ ಬರೆಯಿಸಿದರೆ ಗಂಟೆ ಎಷ್ಟೆಂದು ನೋಡಲು ಎಡೆಯುಳಿಯುವುದಿಲ್ಲ.

ಮನೆಯಲ್ಲಿ ಮತ್ತು ದುಃಖದಲ್ಲಿ

ಬರಹದ ಅತಿಯಿಂದ ಬೇಸರವಾದರೆ ಮಾತಿನ ಅತಿಯಿಂದ ನೋವೇ ಆಗಬಹುದು. ಸಾವು ಸಂಭವಿಸಿದ ಮನೆಗೆ ಹೋದವರು ರೋಗ ಹೇಗೆ ಬಂದಿತು, ಯಾವ ಆಸ್ಪತ್ರೆಗೆ ಸೇರಿಸಬೇಕಾಗಿತ್ತು, ಇನ್ನೊಬ್ಬರಿಗೆ ಹೀಗೆಯೇ ಆದಾಗ ಹೇಗೆ ಬದುಕಿದರು ಎಂದು ಗಂಟೆಗಟ್ಟಲೆ ಮಾತನಾಡುತ್ತಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾದ ಆ ತಾಯಿಯ ಆರ್ತಧ್ಯಾನವು ದಿನಕ್ಕೆ ಹತ್ತು ಸಲ ಹೊಸದಾಗುತ್ತದೆ. ಅದಕ್ಕೆ ಕಾರಣರಾದವರು ಸಂತಾಪ ಹೇಳಿ ಬಂದೆವೆಂದು ಭಾವಿಸಿ ಮನೆಗೆ ಮರಳುತ್ತಾರೆ. ಸಲ್ಲೇಖನೆಯನ್ನು ಸ್ವೀಕರಿಸಿದವರ ಸಮೀಪದಲ್ಲಂತೂ ಇದು ಇನ್ನೂ ದೊಡ್ಡ ಅಪರಾಧ. ಅವರ ಕಿವಿಗೆ ಬೀಳಬೇಕಾದುದು ಪಂಚಪರಮೇಷ್ಠಿಗಳ ನಾಮ, ಬಾರಹ ಭಾವನೆಗಳು. ಬಾಗಿಲ ಬಳಿ ನಡೆಯುವ ಆಸ್ತಿಯ ಮಾತು, ಬಂದವರ ಪ್ರಯಾಣದ ವರ್ತಮಾನ ಅವರ ಪರಿಣಾಮವನ್ನು ಕೆಡಿಸಿದರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಹಿಂದೆ ತಂತಿಯಲ್ಲಿ ಪದಪದಕ್ಕೂ ಹಣ ಕೊಡಬೇಕಾಗಿತ್ತು. ಜನರು ಎಣಿಸಿ ಬರೆಯುತ್ತಿದ್ದರು. ನಮ್ಮ ದೇಶದಲ್ಲಿ ಆ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತಿತು. ಈಗ ಮೊಬೈಲಿನಲ್ಲಿ ಮಾತಿಗೆ ಬೆಲೆಯಿಲ್ಲವಾದುದರಿಂದ ಬಂದುದನ್ನೆಲ್ಲ ಓದದೆ ಮುಂದಕ್ಕೆ ಕಳುಹಿಸುವುದು ವಾಡಿಕೆಯಾಗಿದೆ. ಕಳುಹಿಸಿದವರಿಗೆ ವೆಚ್ಚವಿಲ್ಲ; ಓದುವವರ ಸಮಯ, ಸ್ವಾಧ್ಯಾಯ, ಮನಶ್ಶಾಂತಿ ವೆಚ್ಚವಾಗುತ್ತವೆ. ನಿಜವೋ ಸುಳ್ಳೋ ಅರಿಯದೆ ಕಳುಹಿಸಿದ ಸುದ್ದಿಯಾದರೆ ಅನರ್ಥದಂಡದ ಜೊತೆಗೆ ಸತ್ಯವ್ರತಕ್ಕೂ ಕುಂದು ಬರುತ್ತದೆ.

ಅಭ್ಯಾಸಕ್ರಮ

ಬಾಹ್ಯತಪಗಳಲ್ಲಿ ಅನಶನದ ನಂತರ ಅವಮೌದರ್ಯವನ್ನು ಹೇಳಿದೆ. ಪುರುಷರಿಗೆ 32, ಸ್ತ್ರೀಯರಿಗೆ 28 ತುತ್ತು ಪೂರ್ಣಾಹಾರವೆಂದು ಎಣಿಸಿ, ಅದರಲ್ಲಿ ಒಂದೊಂದು ತುತ್ತನ್ನು ಕಡಿಮೆ ಮಾಡುತ್ತ ಬರುವುದು ಅದರ ಕ್ರಮ. ಎಚ್ಚರ, ಸಂತೋಷ, ಸ್ವಾಧ್ಯಾಯದ ಸೌಲಭ್ಯ ಇವು ಅದರ ಫಲ. ಮಾತಿನಲ್ಲಿಯೂ ಮೌನವು ಉಪವಾಸವಾದರೆ ಮಿತವಚನವು ಅವಮೌದರ್ಯ. ಪೂರ್ಣಮೌನವು ಎಲ್ಲ ಗೃಹಸ್ಥರಿಗೂ ಸಾಧ್ಯವಾಗದು. ಒಂದೊಂದು ತುತ್ತಿನಂತೆ ಮಾತನ್ನು ಕಡಿಮೆ ಮಾಡುವುದು ಎಲ್ಲರಿಗೂ ಸಾಧ್ಯ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದ್ದು ಯಮ ಎಂದು ರತ್ನಕರಂಡಕದಲ್ಲಿ ಭೇದವನ್ನು ಹೇಳಿದೆ. ಮೊದಲು ಒಂದು ಚತುರ್ದಶಿಯಿಂದ ಮುಂದಿನ ಚತುರ್ದಶಿಯವರೆಗೆ ನಿಯಮವಾಗಿ ಕೈಗೊಳ್ಳಬಹುದಾದವು ಇವು:

1. ಊಟ ಮುಗಿಯುವವರೆಗೆ ಮೌನ. ನಮ್ಮ ಮುನಿಗಳು ನಿಂತು, ಕರಪಾತ್ರೆಯಲ್ಲಿ, ಬೇಡದೆ, ಮೌನವಾಗಿ ಆಹಾರ ಸ್ವೀಕರಿಸುವುದನ್ನು ನೋಡಿದ್ದೇವೆ. ಹುಂಕಾರ, ಬೆರಳಸನ್ನೆಗಳಿಂದ ಕೇಳಿ ಪಡೆಯುವುದೂ ಮೌನಕ್ಕೆ ಸಲ್ಲದು. ಆ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಡಬೇಕು.

2. ಉಪವಾಸ ಅಥವಾ ಏಕಾಶನದ ದಿನ ಭೋಜನಕಥೆಯ ತ್ಯಾಗ. ಪಾರಣೆಯ ಸಿದ್ಧತೆಗೆ ಬೇಕಾದ ಮಾತನ್ನು ಹಿಂದಿನ ದಿನವೇ ಆಡಿ ಮುಗಿಸುವುದು.

3. ಬಸದಿಯ ಹೊಸ್ತಿಲಿನಿಂದ ಮರಳಿ ಹೊಸ್ತಿಲಿನವರೆಗೆ ಪೂಜೆ ಸ್ವಾಧ್ಯಾಯಗಳಿಗೆ ಸಂಬಂಧಿಸಿದುದನ್ನುಳಿದು ಬೇರೆ ಮಾತಿಲ್ಲ.

4. ಪತ್ರ, ಪ್ರಕಟಣೆ, ಸಂದೇಶ ಯಾವುದನ್ನೇ ಆಗಲಿ ಕಳುಹಿಸುವ ಮೊದಲು ಒಮ್ಮೆ ಓದಿ, ಎರಡು ಸಲ ಹೇಳಿದುದನ್ನು ಹೊಡೆದುಹಾಕಿ, ದಿನ, ವೇಳೆ, ಸ್ಥಳ ಇವೆಯೇ ಎಂದು ನೋಡುವುದು.

5. ದುಃಖದ ಮನೆಯಲ್ಲಿ ಒಂದೆರಡು ಮಾತು ಹೇಳಿ ಸುಮ್ಮನೆ ಜೊತೆಯಲ್ಲಿ ಕುಳಿತಿರುವುದು; ಕೇಳುವುದಿದ್ದರೆ ಮಾಡಬೇಕಾದ ಕೆಲಸವೇನಿದೆಯೆಂದು ಕೇಳುವುದು.

ಕಡೆಯದಾಗಿ ಒಂದು ಎಚ್ಚರಿಕೆ. ಸಿಟ್ಟಿನಿಂದ ಮನೆಯವರೊಡನೆ ಮಾತು ಬಿಡುವುದು ಮೌನವ್ರತವಲ್ಲ. ಅದು ಕಷಾಯವೇ ಬಾಯಿ ಮುಚ್ಚಿಕೊಂಡಿರುವುದು. ವೈದ್ಯನಿಗೆ ರೋಗದ ಲಕ್ಷಣಗಳನ್ನು, ಸಮಾಜಕ್ಕೆ ಬಸದಿಯ ಲೆಕ್ಕಪತ್ರಗಳನ್ನು, ಕಲಿಯಬಂದ ಮಗುವಿಗೆ ಪಾಠವನ್ನು ಹೇಳುವಾಗ ಸಂಕ್ಷೇಪದ ನೆಪದಿಂದ ಬೇಕಾದುದನ್ನು ಬಿಡುವುದು ಮಿತವಚನವಲ್ಲ. ಧರ್ಮವು ನಾಶವಾಗುವಾಗ, ಸದಾಚಾರವು ಕೆಡುವಾಗ, ಸಿದ್ಧಾಂತದ ಅರ್ಥವನ್ನು ತಿರುಚುವಾಗ ಯಾರೂ ಕೇಳದಿದ್ದರೂ ಮಾತನಾಡಬೇಕೆಂದು ಶುಭಚಂದ್ರಾಚಾರ್ಯರು ಜ್ಞಾನಾರ್ಣವದಲ್ಲಿ ವಿಧಿಸಿದ್ದಾರೆ. ಉಳಿದ ವೇಳೆಯಲ್ಲಿ ಮಾತನ್ನು ಉಳಿಸಿದವನ ಮಾತಿಗೆ ಅಂತಹ ಸಂದರ್ಭದಲ್ಲಿ ಜನರು ಕಿವಿಗೊಡುತ್ತಾರೆ. ಬರುವ ಚತುರ್ದಶಿಯಂದು ಮನೆಯ ಹಿರಿಯರು ಮೇಲಿನ ಐದರಲ್ಲಿ ಯಾವುದಾದರೊಂದನ್ನು ತಾವು ಮೊದಲು ಸ್ವೀಕರಿಸಿ, ಅನಂತರ ಮಕ್ಕಳಿಗೆ ತಿಳಿಸಲಿ.